ಸುಲಭದ ಪದಗಳನ್ನು ನಂಬಬೇಡಿ: ‘ಮ್ಯಾಕ್‌ಬೆತ್’ ಓದಲು ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

ಪದವಿ ತರಗತಿಯಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಪಠ್ಯವಾಗಿ ಬಂದರೆ ಸಾಮಾನ್ಯವಾಗಿ ಮೊದಲು ನಡೆಯುವ ಕೆಲಸ, ಪೆನ್ಸಿಲ್ ಹಿಡಿದು ಉದ್ದುದ್ದ ಪದಗಳಿಗೆಲ್ಲ ಗೆರೆ ಎಳೆಯುವುದು. ಇನ್‌ಕಾರ್ನಡೈನ್, ಮಲ್ಟಿಟ್ಯೂಡಿನಸ್, ಕಂಪಂಕ್ಷಸ್. ಒಂದೊಂದಕ್ಕೂ ಅಂಚಿನಲ್ಲಿ ಕನ್ನಡದ ಅರ್ಥ ಬರೆದು ಪುಟ ತುಂಬಿಸಿದರೂ ನಾಟಕ ಮಾತ್ರ ಕೈಗೆ ಸಿಗುವುದಿಲ್ಲ. ಎಡವಿಸುವ ಸಾಲುಗಳು ಬೇರೆಯೇ ಇವೆ. ಒಂದನೇ ಅಂಕದ ಏಳನೇ ದೃಶ್ಯ ಶುರುವಾಗುವ ಮಾತನ್ನೇ ನೋಡಿ: ‘ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್, ದೆನ್ ಟ್ವರ್ ವೆಲ್ ಇಟ್ ವರ್ ಡನ್ ಕ್ವಿಕ್ಲಿ.’ ಇದರಲ್ಲಿ ಐದನೇ ತರಗತಿಯ ಹುಡುಗನಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೆ ‘ಡನ್’ ಮೂರು ಸಲ ಬಂದಿದೆ, ಮೂರೂ ಒಂದೇ ಅಲ್ಲ. ಮೊದಲನೆಯದು ‘ತೀರಿಹೋಗುವುದು’, ಎರಡನೆಯದೂ ಮೂರನೆಯದೂ ‘ಮಾಡುವುದು’. ಮಾಡಿದ ಕ್ಷಣಕ್ಕೆ ಅದು ಅಲ್ಲಿಗೇ ತೀರಿಹೋಗುವಂತಿದ್ದರೆ ಬೇಗ ಮಾಡಿಬಿಡುವುದೇ ಮೇಲು, ಎನ್ನುತ್ತಿದ್ದಾನೆ ರಾಜನನ್ನು ಕೊಂದು ಸಿಂಹಾಸನ ಏರಲು ಹವಣಿಸುತ್ತಿರುವ ಸೇನಾಪತಿ ಮ್ಯಾಕ್‌ಬೆತ್. ಕೊಲೆ ಮಾಡಿದರೆ ಅದು ಅಲ್ಲಿಗೇ ತೀರುವುದಿಲ್ಲ ಎಂಬುದು ಅವನಿಗೆ ಗೊತ್ತು. ಇಡೀ ನಾಟಕದ ಭಯ ಆ ಒಂದು ಪುಟ್ಟ ಪದದ ಎರಡು ಅರ್ಥಗಳ ನಡುವೆ ಇದೆ.

ಹಾಗಾಗಿ ಈ ಮಾರ್ಗದರ್ಶಿ ಕಷ್ಟದ ಪದಗಳ ಪಟ್ಟಿಯಲ್ಲ. ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದಿಂದ ಬಂದು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಂಥವರಿಗೆ ‘ನಮ್ಮ ಇಂಗ್ಲಿಷ್ ಸಾಲದು’ ಎಂಬ ಅಳುಕು ಇರುತ್ತದೆ. ನನಗೆ ಅನ್ನಿಸುವುದು ಬೇರೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದ ಪದ್ಯವನ್ನು ಶಾಲೆಯಲ್ಲಿ ಪದ ಬಿಡಿಸಿ, ಅನ್ವಯ ಮಾಡಿ, ತಾತ್ಪರ್ಯ ಬರೆದವರಿಗೆ ನಾನೂರು ವರ್ಷ ಹಳೆಯ ಇಂಗ್ಲಿಷನ್ನು ಬಿಡಿಸುವ ವಿದ್ಯೆ ಅರ್ಧ ಬಂದೇ ಇದೆ. ಉಳಿದರ್ಧಕ್ಕೆ ಏನು ಮಾಡಬೇಕು ಎನ್ನುವುದನ್ನು ಕೆಳಗೆ ಹೇಳುತ್ತೇನೆ. ಇಂಗ್ಲಿಷ್ ಸಾಲುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಅಂಕ, ದೃಶ್ಯಗಳ ಸಂಖ್ಯೆ ಜೊತೆಗಿದೆ (2.3 ಎಂದರೆ ಎರಡನೇ ಅಂಕದ ಮೂರನೇ ದೃಶ್ಯ), ಪುಸ್ತಕ ತೆರೆದಿಟ್ಟುಕೊಂಡು ಓದಿ.

ಪುಸ್ತಕ ತೆರೆಯುವ ಮೊದಲು

ಕಥೆಯನ್ನು ಕನ್ನಡದಲ್ಲಿ ಓದಿಬಿಡಿ. ಇದು ಕಳ್ಳದಾರಿಯಲ್ಲ. ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ಕಣ್ಣು ಪದಗಳ ಮೇಲೆ ನಿಲ್ಲುತ್ತದೆ. ಡಿ.ವಿ.ಜಿ. ಅವರು ‘ಮ್ಯಾಕ್‌ಬೆತ್’ ಅನ್ನು ಕನ್ನಡಕ್ಕೆ ತಂದಿದ್ದಾರೆ, ರಾಮಚಂದ್ರ ದೇವ ಅವರದ್ದೂ ಒಂದು ಅನುವಾದ ಇದೆ. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಇದೇ ಕಥೆಯನ್ನು ನಮ್ಮ ನೆಲಕ್ಕೆ ಇಳಿಸಿಕೊಂಡ ನಾಟಕ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಮ್ಮೆ ವಿಚಾರಿಸಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮುಟ್ಟಿದ್ದು ‘ಮ್ಯಾಕ್‌ಬೆತ್’ ಅನ್ನಲ್ಲ, ‘ಹ್ಯಾಮ್ಲೆಟ್’ ಅನ್ನು. ಅದು ‘ರಕ್ತಾಕ್ಷಿ’ ಆಯಿತು. ಆಸೆ ಇದ್ದವರು ಮುಂದೆ ಅದನ್ನೂ ಓದಬಹುದು.

ಒಂದು ಎಚ್ಚರಿಕೆ: ಅನುವಾದವನ್ನು ಸಾಲುಸಾಲಿಗೆ ಬೀಗದ ಕೈಯಂತೆ ಬಳಸಬೇಡಿ. ಅನುವಾದಕರು ಇಡೀ ಮಾತಿಗೆ ಕನ್ನಡ ಕೊಡುತ್ತಾರೆ, ಪದಕ್ಕಲ್ಲ. ಇದೇ ಕಾರಣಕ್ಕೆ ಎಡಗಡೆ ಮೂಲ, ಬಲಗಡೆ ‘ಸರಳ ಇಂಗ್ಲಿಷ್’ ಇರುವ ಪುಸ್ತಕಗಳನ್ನೂ ನಾನು ಮೊದಲ ಓದಿಗೆ ಹೇಳುವುದಿಲ್ಲ. ಕಣ್ಣು ತಾನಾಗಿ ಬಲಗಡೆಗೆ ಜಾರುತ್ತದೆ, ಮೂಲ ಅಲ್ಲೇ ಉಳಿಯುತ್ತದೆ. ಪದಗಳಿಗೆ ಟಿಪ್ಪಣಿ ಇರುವ ಪ್ರತಿ ಬೇಕು. ಆರ್ಡನ್, ಕೇಂಬ್ರಿಜ್, ಫೋಲ್ಜರ್ ಆವೃತ್ತಿಗಳು ಹೆಸರಾದವು. ಫೋಲ್ಜರ್ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ.

ನಿಘಂಟಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಫೋನಿನಲ್ಲಿರುವ ನಿಘಂಟು ಇವತ್ತಿನ ಇಂಗ್ಲಿಷಿಗೆ ಮಾಡಿದ್ದು. ಈ ನಾಟಕ ಬರೆದದ್ದು 1606ರ ಸುಮಾರಿಗೆ, ಮೊದಲು ಅಚ್ಚಾದದ್ದು 1623ರಲ್ಲಿ. ನಡುವೆ ಪದಗಳು ಎಷ್ಟೋ ದೂರ ನಡೆದಿವೆ. ಷೇಕ್ಸ್‌ಪಿಯರನಿಗಾಗಿಯೇ ಮಾಡಿದ ಪದಕೋಶಗಳಿವೆ: ಅಲೆಕ್ಸಾಂಡರ್ ಶ್ಮಿಟ್ 1874-75ರಲ್ಲಿ ಹೊರತಂದ ‘ಷೇಕ್ಸ್‌ಪಿಯರ್ ಲೆಕ್ಸಿಕನ್’, ಸಿ.ಟಿ. ಅನಿಯನ್ಸ್ ಅವರ 1911ರ ‘ಷೇಕ್ಸ್‌ಪಿಯರ್ ಗ್ಲಾಸರಿ’, ಡೇವಿಡ್ ಕ್ರಿಸ್ಟಲ್ ಮತ್ತು ಬೆನ್ ಕ್ರಿಸ್ಟಲ್ 2002ರಲ್ಲಿ ಪ್ರಕಟಿಸಿದ ‘ಷೇಕ್ಸ್‌ಪಿಯರ್ಸ್ ವರ್ಡ್ಸ್’. ಮೂರನೆಯದು ವಿದ್ಯಾರ್ಥಿಗೆ ಎಲ್ಲಕ್ಕಿಂತ ಸುಲಭ, ಅದಕ್ಕೆ ಜಾಲತಾಣವೂ ಇದೆ. ಶ್ಮಿಟ್‌ನ ಕೋಶ ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಹಾಗೆಯೇ ತೆರೆದಿದೆ, ಒಂದು ಪದ ಯಾವ ಯಾವ ನಾಟಕದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ. ಕನ್ನಡದ ಸರಿಯಾದ ಪದ ಹುಡುಕುವಾಗ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿಗೆ ಸಾಟಿ ಇಲ್ಲ. ಅದು ಒಂದೇ ಪದಕ್ಕೆ ಹಲವು ಅರ್ಥ ಕೊಟ್ಟು, ಹಳತಾದದ್ದು ಯಾವುದು ಎಂಬುದನ್ನೂ ಗುರುತಿಸುತ್ತದೆ.

ಮೊದಲ ಓದು: ನಿಘಂಟು ಮುಚ್ಚಿಡಿ

ಎರಡನೇ ದೃಶ್ಯದಿಂದ ಶುರುಮಾಡಬೇಡಿ. ಒಂದನೇ ಅಂಕದ ಎರಡನೇ ದೃಶ್ಯದಲ್ಲಿ ಗಾಯಗೊಂಡ ಸೈನಿಕ ಯುದ್ಧದ ವರದಿ ಒಪ್ಪಿಸುತ್ತಾನೆ. ನಾಟಕದಲ್ಲೇ ತೀರಾ ಗೋಜಲಾದ ಮಾತುಗಳಲ್ಲಿ ಅದೊಂದು, ಎಷ್ಟೋ ಜನ ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಮೊದಲ ದೃಶ್ಯದ ಮಾಟಗಾತಿಯರನ್ನು ಓದಿ, ನೇರ ಮೂರನೆಯದಕ್ಕೆ ಹೋಗಿ, ನಂತರ ಐದು, ಏಳು. ಎರಡನೇ ಅಂಕ ಮುಗಿದ ಮೇಲೆ ಆ ಸೈನಿಕನ ಹತ್ತಿರ ವಾಪಸ್ ಬರಬಹುದು.

ಒಂದು ಸಲಕ್ಕೆ ಒಂದು ದೃಶ್ಯ, ಗಟ್ಟಿಯಾಗಿ, ಎಲ್ಲೂ ನಿಲ್ಲದೆ. ಕೈಯಲ್ಲಿ ಪೆನ್ಸಿಲ್ ಇರಲಿ, ಎರಡೇ ಗುರುತು ಸಾಕು. ಕಂಡೇ ಇಲ್ಲದ ಪದದ ಕೆಳಗೆ ಗೆರೆ. ಗೊತ್ತಿರುವ ಪದ, ಆದರೆ ಈ ವಾಕ್ಯದಲ್ಲಿ ಯಾಕೋ ಕೂರುತ್ತಿಲ್ಲ ಅನ್ನಿಸಿದರೆ ಅದರ ಸುತ್ತ ಸೊನ್ನೆ. ಹತ್ತು ಗೆರೆಗಿಂತ ಒಂದು ಸೊನ್ನೆ ಮುಖ್ಯ. ಗೆರೆ ಎಳೆದ ಪದವನ್ನು ಹೇಗಿದ್ದರೂ ಹುಡುಕುತ್ತೀರಿ; ಸೊನ್ನೆ ಹಾಕದ ಪದ ಪರೀಕ್ಷೆಯ ತನಕ ಸುಮ್ಮನೆ ಮೋಸ ಮಾಡುತ್ತಾ ಕೂತಿರುತ್ತದೆ. ಶುರುವಿನಲ್ಲಿ ಸೊನ್ನೆಗಳೇ ಬೀಳದಿದ್ದರೆ ಗಾಬರಿ ಬೇಡ. ಅನುಮಾನ ಪಡುವುದೂ ಒಂದು ಅಭ್ಯಾಸ.

ಪುಟ್ಟ ಪದಗಳನ್ನು ಒಂದೇ ಸಂಜೆಯಲ್ಲಿ ಮುಗಿಸಿ

ಸುಮಾರು ಮೂವತ್ತು ಸಣ್ಣ ಪದಗಳು ಪುಟಪುಟಕ್ಕೂ ಬರುತ್ತವೆ. ದೌ, ದೀ, ದೈ, ಹ್ಯಾತ್, ಡತ್, ಏರ್, ಅನಾನ್, ಹಿದರ್, ದಿದರ್, ವೆನ್ಸ್, ವೇರ್‌ಫೋರ್, ಪ್ರಿದೀ, ಟಿಸ್, ಟ್ವರ್. ಇವಕ್ಕೆ ಕಾರ್ಡು, ಪಟ್ಟಿ ಏನೂ ಬೇಡ, ಕೂತು ಕಲಿತುಬಿಡಿ. ಇಲ್ಲಿ ಕನ್ನಡದವರಿಗೆ ಇಂದಿನ ಇಂಗ್ಲಿಷ್ ಹುಡುಗರಿಗಿಂತ ಅನುಕೂಲ ಹೆಚ್ಚು. ಹಿದರ್ ಎಂದರೆ ಇತ್ತ, ದಿದರ್ ಎಂದರೆ ಅತ್ತ, ವೆನ್ಸ್ ಎಂದರೆ ಎಲ್ಲಿಂದ. ನಮ್ಮಲ್ಲಿ ಇವು ಬಳಕೆಯಲ್ಲೇ ಇವೆ. ‘ಹ್ಯಾತ್’ ಮುಂದೆ ‘ಹ್ಯಾಸ್’ ಆಯಿತು, ‘ಡತ್’ ‘ಡಸ್’ ಆಯಿತು. ಪಾಲು ಹಾಲಾದದ್ದನ್ನು, ಪೂ ಹೂವಾದದ್ದನ್ನು ಓದಿದವರಿಗೆ ಇದರಲ್ಲಿ ಬೆರಗೇನಿಲ್ಲ. ‘ವೇರ್‌ಫೋರ್’ ಮಾತ್ರ ನೆನಪಿಡಿ: ಅದು ‘ಎಲ್ಲಿ’ ಅಲ್ಲ, ‘ಯಾಕೆ’. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಬಾಯಿಂದ ‘ಆಮೆನ್’ ಯಾಕೆ ಹೊರಡಲಿಲ್ಲ ಎಂದು ಕೇಳುವಾಗ (2.2) ಈ ಪದ ಬರುತ್ತದೆ.

‘ದೌ’ ಮತ್ತು ‘ಯೂ’ ಬಗ್ಗೆ ಸ್ವಲ್ಪ ನಿಲ್ಲೋಣ. ಇದು ನೀನು-ನೀವು. ನಮ್ಮ ಏಕವಚನದಲ್ಲಿ ಸಲಿಗೆಯೂ ಇದೆ, ತಿರಸ್ಕಾರವೂ ಇದೆ, ಅವರದ್ದರಲ್ಲೂ ಹಾಗೆಯೇ. ಯಾರು ಯಾರಿಗೆ ಯಾವಾಗ ಏಕವಚನ ಹಾಕುತ್ತಾರೆ ಎಂದು ಬೆನ್ನು ಹತ್ತಿದರೆ ನಾಟಕದ ಅರ್ಧ ಮನೋವ್ಯಾಪಾರ ಸಿಗುತ್ತದೆ. ಮೂರನೇ ಅಂಕದ ಮೊದಲ ದೃಶ್ಯದಲ್ಲಿ ಮ್ಯಾಕ್‌ಬೆತ್ ತನ್ನ ಜೊತೆಯ ಸೇನಾನಿ ಬ್ಯಾಂಕೋನನ್ನು ವಿಚಾರಿಸುತ್ತಾನೆ, ‘ರೈಡ್ ಯೂ ದಿಸ್ ಆಫ್ಟರ್‌ನೂನ್?’ ಮಧ್ಯಾಹ್ನ ಸವಾರಿ ಹೊರಡುತ್ತೀರಾ ಎಂಬ ಬಹುವಚನದ ಮರ್ಯಾದೆ, ಒಳಗೆ ಕೊಲೆಯ ಸಂಚು. ಅದೇ ಅಂಕದ ನಾಲ್ಕನೇ ದೃಶ್ಯದಲ್ಲಿ ಬ್ಯಾಂಕೋ ಪ್ರೇತವಾಗಿ ಬಂದು ಊಟದ ಪಂಕ್ತಿಯಲ್ಲಿ ಕೂತಾಗ, ‘ದೌ ಕ್ಯಾನ್ಸ್ಟ್ ನಾಟ್ ಸೇ ಐ ಡಿಡ್ ಇಟ್’. ನಾನೇ ಮಾಡಿದೆ ಅಂತ ನೀನು ಹೇಳುವ ಹಾಗಿಲ್ಲ. ಬದುಕಿದ್ದವನಿಗೆ ನೀವು, ಸತ್ತವನಿಗೆ ನೀನು. ಒಂದನೇ ಅಂಕದ ಏಳನೇ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್ ಗಂಡನನ್ನು ಕೆಣಕುವಾಗಲೂ ‘ಯೂ’ದಿಂದ ‘ದೌ’ಗೆ ಇಳಿಯುತ್ತಾಳೆ. ಇಂದಿನ ಇಂಗ್ಲಿಷ್ ಅನುವಾದ ಓದಿದರೆ ಎಲ್ಲ ಕಡೆ ಒಂದೇ ‘ಯೂ’ ಆಗಿ ಇದೆಲ್ಲ ಮಾಯ.

ಪರಿಚಯದ ಮುಖ, ಬೇರೆ ಅರ್ಥ

ಈಗ ಸೊನ್ನೆಗಳ ಸರದಿ. ನಿಮ್ಮ ಸಮಯದ ದೊಡ್ಡ ಪಾಲು ಇಲ್ಲಿಗೇ ಇರಲಿ.

ಒಂದನೇ ಅಂಕದ ಮೂರನೇ ದೃಶ್ಯದಲ್ಲಿ ಮಾಟಗಾತಿಯರ ಮೊದಲ ಭವಿಷ್ಯ ನಿಜವಾದಾಗ ಮ್ಯಾಕ್‌ಬೆತ್ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ: ಇದು ಕೆಟ್ಟದ್ದಾದರೆ ನನಗೆ ‘ಅರ್ನೆಸ್ಟ್ ಆಫ್ ಸಕ್ಸೆಸ್’ ಯಾಕೆ ಕೊಟ್ಟಿತು? ಫೋನಿನ ನಿಘಂಟು ಅರ್ನೆಸ್ಟ್ ಎಂದರೆ ಪ್ರಾಮಾಣಿಕ, ಶ್ರದ್ಧೆಯುಳ್ಳ ಎನ್ನುತ್ತದೆ. ವಾಕ್ಯ ಕೂರುವುದಿಲ್ಲ. ಇಲ್ಲಿ ಅರ್ನೆಸ್ಟ್ ಎಂದರೆ ವ್ಯಾಪಾರ ಕುದುರಿದಾಗ ಮಾತು ಗಟ್ಟಿಯಾಗಲೆಂದು ಮೊದಲೇ ಕೊಡುವ ಹಣ. ಕಾಫಿ ವ್ಯಾಪಾರದ ಊರಿನವರಿಗೆ ಅಡ್ವಾನ್ಸ್ ಏನೆಂದು ವಿವರಿಸಬೇಕಾಗಿಲ್ಲ. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಚಕಾರ ಎಂದೇ ಹೆಸರು. ಈಗ ನಾವು ‘ಪ್ರಾಣಕ್ಕೆ ಸಂಚಕಾರ’ ಎಂದಾಗ ಮಾತ್ರ ಆ ಪದ ಬಳಸುತ್ತೇವೆ. ಮ್ಯಾಕ್‌ಬೆತ್ ಪಡೆದ ಸಂಚಕಾರ ಎರಡೂ ಅರ್ಥದ್ದು. ಈ ಒಂದು ಪದ ಕನ್ನಡದಲ್ಲಿ ಹೀಗೆ ಒದಗಿಬರುವುದು ಅದೃಷ್ಟ, ಎಲ್ಲ ಪದಕ್ಕೂ ಆಗುವುದಿಲ್ಲ.

‘ಓ’ ಎನ್ನುವ ಪದ, ಸಾಲಗಾರನಾಗಿರು ಎಂಬ ಅರ್ಥದ್ದು, ಇನ್ನೂ ಕಿಲಾಡಿ. ಅದೇ ಅಂಕದ ನಾಲ್ಕನೇ ದೃಶ್ಯದಲ್ಲಿ ರಾಜನ ಮಗ ಮಾಲ್ಕಮ್, ಹಿಂದಿನ ಕಾಡರ್ ದೊರೆ ಸತ್ತ ರೀತಿಯನ್ನು ವರ್ಣಿಸುತ್ತಾ, ಅವನು ‘ದ ಡಿಯರೆಸ್ಟ್ ಥಿಂಗ್ ಹಿ ಓಡ್’ ಅನ್ನು, ಅಂದರೆ ತನ್ನಲ್ಲಿದ್ದ ಅತ್ಯಂತ ಪ್ರಿಯವಾದದ್ದನ್ನು, ಕಸದಂತೆ ಎಸೆದ ಎನ್ನುತ್ತಾನೆ. ಇಲ್ಲಿ ಓ ಎಂದರೆ ಹೊಂದಿರು. ಕೆಲವೇ ಸಾಲು ಕಳೆದು ಮ್ಯಾಕ್‌ಬೆತ್ ರಾಜನಿಗೆ ತಾನು ‘ಓ’ ಮಾಡುವ ಸೇವೆ, ನಿಷ್ಠೆ ಎನ್ನುವಾಗ ಅದೇ ಪದ ಇಂದಿನ ಅರ್ಥದ್ದು, ಸಲ್ಲಿಸಬೇಕಾದ ಋಣ. ಒಂದೇ ದೃಶ್ಯ, ಒಂದೇ ಪದ, ಎರಡು ದಿಕ್ಕು. ಆದ್ದರಿಂದ ‘ಈ ಪದಕ್ಕೆ ಹಳೆಯ ಅರ್ಥ ಇದು’ ಎಂದು ಒಮ್ಮೆ ಬರೆದಿಟ್ಟುಕೊಂಡು ಎಲ್ಲ ಕಡೆ ಅಂಟಿಸಬೇಡಿ. ಪ್ರತಿ ಸಲವೂ ವಾಕ್ಯವನ್ನೇ ಕೇಳಬೇಕು.

ಇನ್ನೂ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಅಡಿಷನ್’ (1.3) ಕೂಡುವ ಲೆಕ್ಕವಲ್ಲ, ಬಿರುದು. ‘ಇಂಟೆಲಿಜೆನ್ಸ್’ (1.3) ಬುದ್ಧಿವಂತಿಕೆಯಲ್ಲ, ಸುದ್ದಿ, ಪೊಲೀಸ್ ಇಲಾಖೆಯ ಇಂಟೆಲಿಜೆನ್ಸ್ ವಿಭಾಗದಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಇಲ್‌ನೆಸ್’ (1.5) ಕಾಯಿಲೆಯಲ್ಲ, ಕೆಡುಕುತನ: ಗಂಡನಿಗೆ ಮಹತ್ವಾಕಾಂಕ್ಷೆ ಇದೆ, ಅದಕ್ಕೆ ಬೇಕಾದ ಕೆಡುಕು ಇಲ್ಲ ಎಂಬುದು ಹೆಂಡತಿಯ ಕೊರಗು. ‘ರಿಮೋರ್ಸ್’ (1.5) ಪಶ್ಚಾತ್ತಾಪವಲ್ಲ, ಕರುಣೆ. ಇನ್ನೂ ಏನೂ ಮಾಡದವಳಿಗೆ ಪಶ್ಚಾತ್ತಾಪ ಎಲ್ಲಿಂದ? ಹೀಗೆ ಕೇಳಿಕೊಂಡರೆ ನಿಘಂಟಿಲ್ಲದೆಯೂ ಸುಳಿವು ಹತ್ತುತ್ತದೆ. ‘ಸೆನ್ಸಿಬಲ್’ (2.1) ವಿವೇಕಿಯಲ್ಲ, ಇಂದ್ರಿಯಕ್ಕೆ ಸಿಗುವಂಥದ್ದು, ಗಾಳಿಯಲ್ಲಿ ತೇಲುವ ಕಠಾರಿಗೆ ವಿವೇಕ ಇರಲು ಸಾಧ್ಯವಿಲ್ಲ. ‘ಎಕ್ಸ್‌ಟಸಿ’ (3.2) ಆನಂದವಲ್ಲ, ತಳಮಳ, ಮತಿಭ್ರಮೆ. ‘ಸ್ಪೆಕ್ಯುಲೇಷನ್’ (3.4) ಷೇರುಪೇಟೆಯದ್ದಲ್ಲ, ಊಹೆಯೂ ಅಲ್ಲ, ದೃಷ್ಟಿ: ಪ್ರೇತದ ಕಣ್ಣುಗಳಿಗೆ ನೋಟವಿಲ್ಲ. ‘ಸೆಕ್ಯುರಿಟಿ’ (3.5) ಭದ್ರತೆಯಲ್ಲ, ನನಗೇನೂ ಆಗುವುದಿಲ್ಲ ಎಂಬ ಮೈಮರೆವು. ‘ಮಾಡರ್ನ್’ (4.3) ಆಧುನಿಕವಲ್ಲ, ದಿನಾ ಕಾಣುವ ಮಾಮೂಲಿ.

ಪದಗಳು ಒಂದೊಂದೂ ಗೊತ್ತು, ಜೋಡಿಸಿದರೆ ಗೊತ್ತಿಲ್ಲ ಎನ್ನುವ ಇನ್ನೊಂದು ಬಗೆಯಿದೆ. ‘ಸ್ಕ್ರೂ ಯುವರ್ ಕರೇಜ್ ಟು ದ ಸ್ಟಿಕಿಂಗ್ ಪ್ಲೇಸ್’ (1.7). ವ್ಯಾಖ್ಯಾನಕಾರರು ಎರಡು ಚಿತ್ರ ಕೊಡುತ್ತಾರೆ. ಒಂದು, ಯಂತ್ರಬಿಲ್ಲಿನ ಹೆದೆಯನ್ನು ಎಳೆದು ಕೊಂಡಿಗೆ ಸಿಕ್ಕಿಸುವುದು. ಇನ್ನೊಂದು, ತಂತಿವಾದ್ಯದ ಬಿರಡೆಯನ್ನು ತಿರುಚಿ ಶ್ರುತಿ ನಿಲ್ಲುವ ತನಕ ಬಿಗಿ ಮಾಡುವುದು. ನನಗೆ ಎರಡನೆಯದು ಇಷ್ಟ, ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ.

ಉದ್ದ ಪದಗಳಿಗೆ ಕವಿಯೇ ಅರ್ಥ ಬರೆದಿಟ್ಟಿದ್ದಾನೆ

ಗೆರೆ ಎಳೆದ ಪದಕ್ಕೆ ನಿಘಂಟು ತೆಗೆಯುವ ಮೊದಲು ಮುಂದಿನ ಸಾಲು ಓದಿ. ಎರಡನೇ ಅಂಕದ ಎರಡನೇ ದೃಶ್ಯದಲ್ಲಿ, ಈ ಕೈ ತೊಳೆಯಲು ಕಡಲ ನೀರೆಲ್ಲ ಸಾಕೇ ಎಂದು ಕೇಳಿಕೊಂಡ ಮ್ಯಾಕ್‌ಬೆತ್, ಇಲ್ಲ, ನನ್ನ ಕೈಯೇ ‘ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಎನ್ನುತ್ತಾನೆ. ಹಿಂದೆಯೇ ಬರುತ್ತದೆ, ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಹಸಿರು ಕಡಲನ್ನು ಕೆಂಪೊಂದೇ ಮಾಡಿಬಿಡುತ್ತದೆ. ಎರಡು ಭಾರಿ ಲ್ಯಾಟಿನ್ ಪದ, ಆಮೇಲೆ ಬರಿಯ ಚಿಕ್ಕ ಚಿಕ್ಕ ಪದಗಳಲ್ಲಿ ಅದರದ್ದೇ ಅರ್ಥ. ಸಂಸ್ಕೃತ ಸಮಾಸ ಹೇಳಿ ಕೂಡಲೇ ಅಚ್ಚಗನ್ನಡದಲ್ಲಿ ಬಿಡಿಸಿ ಹೇಳಿದ ಹಾಗೆ. ಮೂರನೇ ಅಂಕದ ಪಂಕ್ತಿಯೂಟದ ದೃಶ್ಯದಲ್ಲಿ ‘ಕ್ಯಾಬಿನ್ಡ್, ಕ್ರಿಬ್ಡ್, ಕನ್‌ಫೈನ್ಡ್, ಬೌಂಡ್ ಇನ್’ ಎಂದು ನಾಲ್ಕು ಸಲ ಒಂದೇ ಮಾತು ಹೇಳುತ್ತಾನೆ. ಒಂದು ಗೊತ್ತಿದ್ದರೆ ಉಳಿದ ಮೂರೂ ಗೊತ್ತು.

ಹಾಗೆ ಸಿಗದಿದ್ದರೆ ಪದವನ್ನು ಒಡೆಯಿರಿ. ಇನ್‌ಕಾರ್ನಡೈನ್‌ನ ಒಳಗಿರುವ ‘ಕಾರ್ನ್’ ಮಾಂಸ ಎಂಬ ಅರ್ಥದ್ದು, ಮಾಂಸಾಹಾರಿ ಪ್ರಾಣಿಯನ್ನು ಕಾರ್ನಿವೋರ್ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ‘ಈಕ್ವಿವೊಕೇಟರ್’ನಲ್ಲಿ ಈಕ್ವಿ ಎಂದರೆ ಸಮ, ವೋಕ್ ಎಂದರೆ ಧ್ವನಿ. ಎರಡು ಕಡೆಗೂ ಸಮನಾಗಿ ಕೇಳಿಸುವಂತೆ ಮಾತಾಡುವವ. ಆದರೆ ಧಾತು ಗೊತ್ತಾದರೆ ಸಾಲದು, ಈ ಪದಕ್ಕೆ ಕಥೆಯೂ ಬೇಕು. 1605ರ ನವೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ರಾಜ ಜೇಮ್ಸ್ ಸಮೇತ ಸಿಡಿಮದ್ದಿಟ್ಟು ಹಾರಿಸುವ ಸಂಚು ಬಯಲಾಯಿತು. ಆ ಪ್ರಕರಣದಲ್ಲಿ 1606ರಲ್ಲಿ ಗಲ್ಲಿಗೇರಿದ ಹೆನ್ರಿ ಗಾರ್ನೆಟ್ ಎಂಬ ಜೆಸ್ವಿಟ್ ಪಾದ್ರಿ, ಆಣೆಗೆ ಭಂಗ ಬಾರದಂತೆ ಸತ್ಯ ಮರೆಮಾಚುವ ಇಬ್ಬಗೆಯ ಮಾತನ್ನು ಸಮರ್ಥಿಸಿಕೊಂಡಿದ್ದ. ಕೊಲೆಯ ರಾತ್ರಿ ಬಾಗಿಲು ಕಾಯುವವನು ಕುಡಿದ ಅಮಲಿನಲ್ಲಿ ಈಕ್ವಿವೊಕೇಟರ್ ಒಬ್ಬ ಬಂದ ಎಂದು ಗೇಲಿ ಮಾಡುವಾಗ (2.3) ಆ ಕಾಲದ ಪ್ರೇಕ್ಷಕರಿಗೆ ಯಾರೆಂದು ಹೊಳೆಯದೆ ಇರಲಿಕ್ಕಿಲ್ಲ. ನಮಗೆ ಇದಕ್ಕಿಂತ ಹತ್ತಿರದ ನೆನಪೊಂದಿದೆ. ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಿ, ‘ಆನೆ’ ಎಂಬುದನ್ನು ಮೆಲ್ಲಗೆ ನುಂಗಿದ ಧರ್ಮರಾಯ. ಮಾಟಗಾತಿಯರು ಮ್ಯಾಕ್‌ಬೆತ್‌ಗೆ ಮಾಡಿದ್ದೂ ಅದನ್ನೇ: ಕಾಡು ನಡೆದು ಬರುವ ತನಕ ನಿನಗೆ ಸೋಲಿಲ್ಲ ಎಂದಿದ್ದರು. ಐದನೇ ಅಂಕದಲ್ಲಿ ಕಾಡು ನಡೆದು ಬರುತ್ತಿದೆ ಎಂಬ ಸುದ್ದಿ ಕೇಳಿದಾಗ ಅವನ ಬಾಯಲ್ಲೂ ‘ಈಕ್ವಿವೊಕೇಷನ್’ ಬರುತ್ತದೆ (5.5). ಒಂದು ಪದ ಎರಡು ಕಡೆ ಬಂದರೆ ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಿ, ದೀರ್ಘ ಪ್ರಬಂಧದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿದ್ಧವಾಗುತ್ತದೆ.

ಕಣ್ಣಿಗೆ ಮೋಸ ಮಾಡುವ ಕಾಗುಣಿತವೂ ಉಂಟು. ನಿದ್ದೆಯನ್ನು ಹೊಗಳುವಾಗ ಬರುವ ‘ಸ್ಲೀವ್’ (2.2) ಅಂಗಿಯ ತೋಳಲ್ಲ, ಅಕ್ಷರ ಬೇರೆ. ಅದು ಸಿಕ್ಕುಸಿಕ್ಕಾದ ರೇಷ್ಮೆ ಎಳೆ. ಚಿಂತೆಯ ಸಿಕ್ಕನ್ನು ನಿದ್ದೆ ಬಿಡಿಸಿ ಹೆಣೆಯುತ್ತದೆ. ‘ಟ್ರ್ಯಾಮಲ್’ (1.7) ಮೀನು, ಹಕ್ಕಿ ಹಿಡಿಯುವ ಬಲೆ. ಕೊಲೆಯ ಪರಿಣಾಮಗಳನ್ನೂ ಅದರ ಜೊತೆಗೇ ಬಲೆಯಲ್ಲಿ ಬಾಚಿಕೊಳ್ಳುವಂತಿದ್ದರೆ ಎಂಬ ಆಸೆ ಆ ಮಾತಿನಲ್ಲಿದೆ.

ಇನ್ನು ಸ್ಕಾಟ್ಲೆಂಡಿನ ಲೋಕಕ್ಕೆ ಸೇರಿದ ಪದಗಳು: ಥೇನ್ ಎಂದರೆ ರಾಜನಿಂದ ಭೂಮಿ ಪಡೆದ ಸಾಮಂತ, ಕರ್ನ್ ಮತ್ತು ಗ್ಯಾಲೊಗ್ಲಾಸ್ ಎಂದರೆ ಐರಿಷ್ ಕಾಲಾಳುಗಳು, ಪಾಸೆಟ್ ಎಂದರೆ ಮದ್ಯ ಬೆರೆಸಿ ಒಡೆಸಿದ ಬಿಸಿಹಾಲು. ಇವನ್ನು ಟಿಪ್ಪಣಿ ನೋಡಿ ದಾಟಿಬಿಡಿ. ಮಾಟಗಾತಿಯರ ಕೊಪ್ಪರಿಗೆಗೆ ಬೀಳುವ ಹಲ್ಲಿ, ಹಾವು, ಬಾವಲಿಗಳ ಪಟ್ಟಿಯನ್ನು (4.1) ಬಾಯಿಪಾಠ ಮಾಡುವುದು ಶ್ರಮದ ದಂಡ. ಓದಿ ಮೈ ಜುಮ್ಮೆಂದರೆ ಸಾಕು.

ಅನ್ವಯ: ನಿಮಗೆ ಮೊದಲೇ ಬರುವ ವಿದ್ಯೆ

ಪದಗಳ ಅರ್ಥ ಕೈಗೆ ಬಂದಮೇಲೂ ವಾಕ್ಯ ತೆರೆದುಕೊಳ್ಳದಿದ್ದರೆ ಷಟ್ಪದಿಗೆ ಮಾಡುವುದನ್ನೇ ಇಲ್ಲೂ ಮಾಡಿ. ಕ್ರಿಯಾಪದ ಹುಡುಕಿ. ಯಾರು ಮಾಡಿದರು ಎಂದು ಕೇಳಿ. ಏನನ್ನು ಎಂದು ಕೇಳಿ. ಉಳಿದ ವಿಶೇಷಣಗಳನ್ನು ಅವುಗಳ ಒಡೆಯರ ಪಕ್ಕಕ್ಕೆ ತನ್ನಿ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತು, ‘ಸೋ ಫೌಲ್ ಅಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’ (1.3). ಇಂದಿನ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ನಾಟ್ ಸೀನ್’ ಮುಂದೆ ಬರಬೇಕು. ಆದರೆ ಕನ್ನಡದಲ್ಲಿ ಹೇಳಿ ನೋಡಿ: ಇಷ್ಟು ಕೆಟ್ಟ, ಇಷ್ಟು ಚಂದದ ದಿನವನ್ನು ನಾನು ಕಂಡಿಲ್ಲ. ಕವಿಯ ಕ್ರಮವೇ ನಮ್ಮ ಕ್ರಮ. ‘ಗ್ಲಾಮಿಸ್ ದೌ ಆರ್ಟ್’ (1.5) ಕೂಡ ಹಾಗೆಯೇ, ಗ್ಲಾಮಿಸ್ ನೀನಾಗಿದ್ದೀಯೆ. ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ ಬಂದಾಗ ಇಂಗ್ಲಿಷ್ ಮಾಧ್ಯಮದವರು ತಡವರಿಸುತ್ತಾರೆ, ನಮಗೆ ಮನೆಯ ದಾರಿ.

ಅನ್ವಯ ಮಾಡಿದ ವಾಕ್ಯವನ್ನು ಇಂಗ್ಲಿಷಿನಲ್ಲೇ, ಮೂಲದ ಪದಗಳನ್ನೇ ಇಟ್ಟುಕೊಂಡು ಬರೆಯಿರಿ. ಅದರ ಕೆಳಗೆ ಒಂದೇ ಒಂದು ಸಾಲು ಕನ್ನಡದ ತಾತ್ಪರ್ಯ. ದೃಶ್ಯಕ್ಕೆ ಮೂರು-ನಾಲ್ಕು ವಾಕ್ಯಕ್ಕೆ ಹೀಗೆ ಮಾಡಿದರೆ ಧಾರಾಳವಾಯಿತು. ಎಲ್ಲಕ್ಕೂ ಮಾಡಹೊರಟರೆ ನಾಲ್ಕನೇ ದಿನಕ್ಕೆ ಬೇಸರ ಬಂದು ನಿಲ್ಲುತ್ತದೆ.

ಪುಸ್ತಕದಲ್ಲಿ ಬರೆದಿಡುವುದು, ಮರೆಯದೆ ಇರುವುದು

ಎಡಕ್ಕೆ ಪದ, ಬಲಕ್ಕೆ ಅರ್ಥ ಎಂಬ ಎರಡು ಕಂಬಸಾಲಿನ ಪಟ್ಟಿ ನಿಷ್ಪ್ರಯೋಜಕ ಎಂದೇ ನನ್ನ ಅಭಿಪ್ರಾಯ. ರಟ್ಟಿನ ಪುಟ್ಟ ಕಾರ್ಡಿನ ಒಂದು ಮುಖದಲ್ಲಿ ಇಡೀ ಸಾಲು ಬರೆದು, ಕಲಿಯಬೇಕಾದ ಪದಕ್ಕೆ ಸೊನ್ನೆ ಹಾಕಿ. ಹಿಂಬದಿಯಲ್ಲಿ ಇಷ್ಟು ಬರಲಿ: ಯಾರು ಯಾರಿಗೆ ಹೇಳಿದ್ದು, ಆಗ ಏನು ನಡೆದಿತ್ತು, ಇಲ್ಲಿನ ಅರ್ಥ, ಇಂದಿನ ಅರ್ಥ. ‘ಸ್ಪೆಕ್ಯುಲೇಷನ್’ ಎಂದ ಕೂಡಲೇ ಪಂಕ್ತಿಯಲ್ಲಿ ಕೂತ ಪ್ರೇತ ಕಣ್ಣಿಗೆ ಬರಬೇಕು, ಆಮೇಲೆ ‘ದೃಷ್ಟಿ’.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಹೆಚ್ಚು, ಆಮೇಲೆ ನಿಧಾನ. ಅದಕ್ಕೆ ಮದ್ದು, ಬಿಟ್ಟು ಬಿಟ್ಟು ಓದುವುದು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದ ಡಬ್ಬಿಯ ವಿಧಾನ ಇದಕ್ಕೆ ಸರಳ. ಮೂರು ಡಬ್ಬಿ ಇಟ್ಟುಕೊಳ್ಳಿ, ಹಳೆಯ ಸ್ವೀಟ್ ಬಾಕ್ಸ್ ಆದರೂ ಆದೀತು. ಹೊಸ ಕಾರ್ಡುಗಳು ಮೊದಲ ಡಬ್ಬಿಯಲ್ಲಿ, ಅದನ್ನು ದಿನಾ ನೋಡಬೇಕು. ಸರಿಯಾಗಿ ಹೇಳಿದ ಕಾರ್ಡು ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದದ್ದು ಮೂರನೆಯದಕ್ಕೆ, ಅದು ವಾರಕ್ಕೊಮ್ಮೆ. ತಪ್ಪಿದ್ದು ಯಾವ ಡಬ್ಬಿಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಫೋನಿನಲ್ಲಿ ‘ಅಂಕಿ’ ಎಂಬ ಆ್ಯಪ್ ಇದೇ ಲೆಕ್ಕವನ್ನು ತಾನೇ ಇಡುತ್ತದೆ. ಆದರೆ ಕಾರ್ಡು ಕೈಯಲ್ಲಿ ಬರೆಯುವಾಗಲೇ ಅರ್ಧ ಕಲಿತಾಗಿರುತ್ತದೆ, ಆ ಲಾಭ ಅಲ್ಲಿಲ್ಲ. ದಿನಕ್ಕೆ ಎಂಟು-ಹತ್ತು ಹೊಸ ಪದ ಸಾಕು. ಮೂಡಿಗೆರೆ, ಆಲ್ದೂರು ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಸೀಟು ಸಿಕ್ಕಿದರೆ ಮೊದಲ ಡಬ್ಬಿ ಮುಗಿಯುತ್ತದೆ. ನಿಂತು ಬರುವ ದಿನ ಕಿವಿಗೆ ಕೊಡಿ: ಲಿಬ್ರಿವಾಕ್ಸ್ ತಾಣದಲ್ಲಿ ಇಡೀ ನಾಟಕದ ವಾಚನ ಉಚಿತವಾಗಿ ಸಿಗುತ್ತದೆ. ಹೆಸರುಗಳ ಉಚ್ಚಾರವೂ ಆಗ ತಿದ್ದಿಕೊಳ್ಳುತ್ತದೆ. ಮೇಲೆ ಗ್ಲಾಮಿಸ್ ಎಂದು ಬರೆದ ಊರನ್ನು ಸ್ಕಾಟ್ಲೆಂಡಿನವರು ‘ಗ್ಲಾಮ್ಸ್’ ಎನ್ನುತ್ತಾರೆ.

ಅರ್ಥ ಹೇಳಿ

ಕೊಪ್ಪ, ಶೃಂಗೇರಿ ಕಡೆಯವರು ತಾಳಮದ್ದಳೆ ಕೇಳಿಯೇ ಇರುತ್ತೀರಿ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಆ ಪಾತ್ರವೇ ಆಗಿ ತನ್ನ ಮಾತಿನಲ್ಲಿ ಅದನ್ನು ಬೆಳೆಸುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ಪದಗಳು ನಿಜವಾಗಿ ನಿಮ್ಮವಾಗಿವೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಇಬ್ಬರು ಗೆಳೆಯರು ಒಂದನೇ ಅಂಕದ ಏಳನೇ ದೃಶ್ಯ ತೆಗೆದುಕೊಳ್ಳಿ. ಒಬ್ಬರು ಮೂಲದ ನಾಲ್ಕೈದು ಸಾಲು ಗಟ್ಟಿಯಾಗಿ ಓದುವುದು. ಇನ್ನೊಬ್ಬರು ಪುಸ್ತಕ ಮುಚ್ಚಿ, ಮ್ಯಾಕ್‌ಬೆತ್ ಆಗಿಯೇ, ‘ನಾನು’ ಎಂದೇ, ಕನ್ನಡದಲ್ಲಿ ಅರ್ಥ ಹೇಳುವುದು. ‘ಮ್ಯಾಕ್‌ಬೆತ್ ಇಲ್ಲಿ ಹೀಗೆ ಹೇಳುತ್ತಾನೆ’ ಎಂದು ಶುರುಮಾಡಿದರೆ ಆಟ ಕೆಟ್ಟಿತು. ‘ರಾಜ ನನ್ನ ಮನೆಗೆ ಬಂದ ಅತಿಥಿ. ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನು. ನಾನೇ ಕತ್ತಿ ಹಿಡಿಯಲೇ?’ ಹೀಗೆ ಹೋಗಬೇಕು. ಆಮೇಲೆ ಲೇಡಿ ಮ್ಯಾಕ್‌ಬೆತ್ ಎದುರು ಅರ್ಥ ಹೇಳಲಿ. ಎಲ್ಲಿ ಅವಳು ‘ಯೂ’ ಬಿಟ್ಟು ‘ದೌ’ ಹಿಡಿಯುತ್ತಾಳೋ ಅಲ್ಲಿ ಕನ್ನಡದಲ್ಲೂ ‘ನೀವು’ ಬಿಟ್ಟು ‘ನೀನು’ ಹಿಡಿಯಬೇಕು. ಹಿಡಿದರೆ ಎದುರು ಕೂತವನ ಮುಖ ನೋಡಿ. ಯಾವ ಸಾಲಿನ ಅರ್ಥ ಹೇಳುವಾಗ ನಾಲಗೆ ತಡವರಿಸಿತೋ ಆ ಸಾಲಿನ ಪದಗಳು ಮತ್ತೆ ಮೊದಲ ಡಬ್ಬಿಗೆ.

ನಾಚಿಕೆಯಾದರೆ ಒಬ್ಬರೇ ಮಾಡಿ, ಫೋನಿನಲ್ಲಿ ಧ್ವನಿ ಮುದ್ರಿಸಿ ಕೇಳಿ. ಆದರೆ ಇಬ್ಬರಿದ್ದರೆ ಬರುವ ರಂಗು ಬೇರೆ.

ಪರೀಕ್ಷೆ ಹತ್ತಿರ ಬಂದಾಗ

ಸಂದರ್ಭ ವಿವರಿಸುವ ಪ್ರಶ್ನೆಗಳಲ್ಲಿ ಕೊಟ್ಟ ಸಾಲಿನಲ್ಲಿ ಅರ್ಥ ಬದಲಾದ ಪದವೇನಾದರೂ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅದನ್ನೇ ಹಿಡಿದು ಒಂದು ವಾಕ್ಯ ಬರೆಯಿರಿ: ಇಲ್ಲಿ ಈ ಪದಕ್ಕೆ ಇಂದಿನ ಅರ್ಥವಲ್ಲ, ಇದು, ಆದ್ದರಿಂದ ಪಾತ್ರದ ಮನಸ್ಸು ಹೀಗಿದೆ. ಗೈಡು ನೋಡಿ ಬರೆದ ಉತ್ತರಗಳ ರಾಶಿಯಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಇನ್‌ಕಾರ್ನಡೈನ್‌ನಂಥ ಪದಗಳನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ತೋರಣ ಕಟ್ಟಲು ಹೋಗಬೇಡಿ. ಉದ್ಧರಿಸಿ, ವಿವರಿಸಿ, ನಿಮ್ಮ ಇಂಗ್ಲಿಷ್ ಸರಳವಾಗಿಯೇ ಇರಲಿ. ಉದ್ಧರಿಸುವ ಸಾಲು ಪೂರ್ತಿ ನೆನಪಿಲ್ಲದಿದ್ದರೆ ಖಚಿತವಾಗಿ ಗೊತ್ತಿರುವ ಮೂರು ಪದ ಬರೆದರೂ ನಡೆಯುತ್ತದೆ, ಕಟ್ಟಿ ಬರೆದ ಸಾಲು ನಡೆಯುವುದಿಲ್ಲ.

ಸಮಯ ಕಡಿಮೆ ಇರುವವರು 1.5, 1.7, 2.2, 3.4, 5.1, 5.5 ಇಷ್ಟನ್ನು ಮೇಲೆ ಹೇಳಿದ ಎಲ್ಲ ಹಂತಗಳಲ್ಲಿ ಮುಗಿಸಿ, ಉಳಿದದ್ದನ್ನು ಓದಿಕೊಂಡು ಹೋಗಿ. 5.1ರಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ಆಡುವ ಮಾತು ಪದ್ಯವಲ್ಲ, ಗದ್ಯ. ಪದಗಳೂ ತೀರಾ ಸಾದಾ. ಅಲ್ಲಿಗೆ ಬರುವ ಹೊತ್ತಿಗೆ ಗೆರೆ ಎಳೆಯಲು ಏನೂ ಸಿಗದಿದ್ದರೆ, ಸೊನ್ನೆ ಎಲ್ಲಿ ಹಾಕಬೇಕು ಎಂದು ಇನ್ನೊಮ್ಮೆ ಓದಿ.